ಗಣಕಯಂತ್ರದ ನೆನಪು: ಪರೀಕ್ಷೆ ಮತ್ತು ವರ್ಧನೆ

ಇಂದಿನ ವಿದ್ಯಾರ್ಥಿಗೆ ಗಣಕಯಂತ್ರವು ಲೇಖನಿಯಷ್ಟೇ ಅಗತ್ಯವಾದ ಸಾಧನ. ಆದರೆ ನಮ್ಮಲ್ಲಿ ಹಲವರ ಮನೆಗೆ ಬರುವುದು ಬೇರೊಬ್ಬರು ಬಳಸಿ ಮಾರಿದ ಯಂತ್ರ. ಕೆಲವು ಕಾಲ ಕಳೆಯುವಷ್ಟರಲ್ಲಿ ಅದು ನಿಧಾನವಾಗುತ್ತದೆ. ಆಗ ಎಲ್ಲರೂ ಕೊಡುವ ಸಲಹೆ ಒಂದೇ: "ಹಳೆಯದಾಯಿತು, ಹೊಸದನ್ನು ಕೊಳ್ಳಿ." ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ಹೀಗೆ ವ್ಯಯಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಯಂತ್ರಕ್ಕೆ ಬಂದಿರುವುದು ಮುಪ್ಪೋ, ನೆನಪಿನ ಕೊರತೆಯೋ? ಇದನ್ನು ಕಂಡುಕೊಳ್ಳಲು ವಿಜ್ಞಾನದ ಪದವಿ ಬೇಕಾಗಿಲ್ಲ.

ನೆನಪು ಎಂದರೇನು? ಮದುವೆಮನೆಯ ಅಡಿಗೆಯನ್ನು ನೆನೆಯೋಣ. ಸಾಮಾನೆಲ್ಲ ಉಗ್ರಾಣದಲ್ಲಿರುತ್ತದೆ, ಆ ಹೊತ್ತಿಗೆ ಬೇಕಾದುದು ಮಾತ್ರ ಅಡಿಗೆಯವರ ಕೈಗೆಟಕುವಂತೆ ಒಲೆಯ ಬಳಿ ಇರುತ್ತದೆ. ಗಣಕದಲ್ಲಿ ಡಿಸ್ಕ್ ಎಂಬುದು ಉಗ್ರಾಣ. ರ‍್ಯಾಮ್ ಎಂಬ ನೆನಪು ಒಲೆಯ ಬಳಿಯ ಜಾಗ. ಆ ಜಾಗ ಸಾಲದಾದರೆ ಅಡಿಗೆಯವರು ಮತ್ತೆ ಮತ್ತೆ ಉಗ್ರಾಣಕ್ಕೆ ಓಡಬೇಕು. ರ‍್ಯಾಮ್ ತುಂಬಿದಾಗ ಗಣಕವೂ ಹಾಗೆಯೇ ಡಿಸ್ಕಿನತ್ತ ಓಡುತ್ತದೆ. ರ‍್ಯಾಮ್‌ನಿಂದ ಒಂದು ಅಂಶವನ್ನು ತರಲು ಸುಮಾರು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಹಾರ್ಡ್‌ಡಿಸ್ಕಿನಿಂದ ತರಲು ಸುಮಾರು ನೂರರಲ್ಲೊಂದು ಭಾಗ ಹಿಡಿಯುತ್ತದೆ. ಲಕ್ಷ ಪಟ್ಟು ವ್ಯತ್ಯಾಸ! ಯಂತ್ರವು ತಡವರಿಸುವುದರ ಗುಟ್ಟು ಇಲ್ಲಿದೆ.

ಈ ಬಗೆಯ ನೆನಪಿಗೆ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರು 1968ರಲ್ಲಿ ಪೇಟೆಂಟ್ ಪಡೆದರು. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಒಂದು ಕೋಶ. ಕೆಪಾಸಿಟರಿನ ವಿದ್ಯುತ್ತು ತೂತುಬಿದ್ದ ಕೊಡದ ನೀರಿನಂತೆ ಸೋರುತ್ತದೆ; ಆದಕಾರಣ ಸೆಕೆಂಡಿಗೆ ಹಲವು ಬಾರಿ ಅದನ್ನು ಮರಳಿ ತುಂಬುತ್ತಿರಬೇಕು. ವಿದ್ಯುತ್ತು ಹೋದೊಡನೆ ಅದರಲ್ಲಿದ್ದುದೆಲ್ಲ ಅಳಿಯುವುದು ಇದರಿಂದಲೇ. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಕನಿಷ್ಠ 16 ಕಿಲೋಬೈಟು ನೆನಪಿತ್ತು. ಇಂದಿನ 4 ಜಿ.ಬಿ. ಅದರ ಎರಡೂವರೆ ಲಕ್ಷ ಪಟ್ಟಿಗೂ ಮಿಗಿಲು. ಆದರೂ ಅದು ಸಾಲದು. ಏಕೆಂದರೆ ತಂತ್ರಾಂಶಗಳ ಹಸಿವೂ ಅದರೊಡನೆ ಬೆಳೆದಿದೆ.

ಇನ್ನು ಪರೀಕ್ಷೆಯ ಕ್ರಮ. ದಿನವೂ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಎಂಬಲ್ಲಿ ಒಟ್ಟು ನೆನಪೆಷ್ಟು, ಬಳಕೆಯೆಷ್ಟು, ಸ್ಲಾಟುಗಳೆಷ್ಟು ಎಂಬ ವಿವರ ಕಾಣುತ್ತದೆ. ಬಳಕೆಯು ಶೇಕಡ 90ರ ಆಚೆ ನಿಂತು, ಡಿಸ್ಕ್ ಕೂಡ ಬಿಡುವಿಲ್ಲದೆ ದುಡಿಯುತ್ತಿದ್ದರೆ ಕೊರತೆ ನೆನಪಿನದೆಂದು ತಿಳಿಯಬಹುದು. ಅರ್ಧದಷ್ಟು ನೆನಪು ಬರಿದಾಗಿದ್ದರೂ ಯಂತ್ರ ತಡವರಿಸಿದರೆ ರ‍್ಯಾಮ್ ಕೊಂಡು ಫಲವಿಲ್ಲ; ಆಗ ಹಾರ್ಡ್‌ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸುವುದು ಹೆಚ್ಚು ಪ್ರಯೋಜನಕರವಾದೀತು. ವಿಂಡೋಸ್ 32 ಬಿಟ್ಟಿನದೇ, 64 ಬಿಟ್ಟಿನದೇ ಎಂಬುದನ್ನೂ ನೋಡಬೇಕು. ಮನೆಬಳಕೆಯ 32 ಬಿಟ್ಟಿನ ವಿಂಡೋಸು 4 ಜಿ.ಬಿ.ಗಿಂತ ಹೆಚ್ಚಿನದನ್ನು ಬಳಸಲಾರದು.

ಕೊಳ್ಳುವಾಗ ಜಾತಿಯನ್ನು ತಪ್ಪದೆ ನೋಡಬೇಕು. ಮೇಜಿನ ಯಂತ್ರದ ಡಿ.ಡಿ.ಆರ್. 3 ಪಟ್ಟಿಗೆ 240 ಪಿನ್ನುಗಳು, ಡಿ.ಡಿ.ಆರ್. 4 ಮತ್ತು 5ಕ್ಕೆ 288. ಕೊನೆಯ ಎರಡಕ್ಕೆ ಸಂಖ್ಯೆ ಒಂದೇ ಆದರೂ ನಡುವಣ ಕಚ್ಚಿನ ಸ್ಥಾನ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಲ್ಯಾಪ್‌ಟಾಪಿನ ಪಟ್ಟಿ ಇವೆಲ್ಲಕ್ಕಿಂತ ಗಿಡ್ಡ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಅವಕ್ಕೆ ವರ್ಧನೆಯಿಲ್ಲ. ಮದರ್‌ಬೋರ್ಡ್ ಗರಿಷ್ಠ ಎಷ್ಟನ್ನು ಒಪ್ಪುವುದೆಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗೆ ಹೋಗುವವರು ಹಳೆಯ ಪಟ್ಟಿಯನ್ನೇ ಒಯ್ದು ತೋರಿಸುವುದು ಕ್ಷೇಮ. ಎರಡು ಸ್ಲಾಟುಗಳಿದ್ದರೆ ಸಮಾನ ಅಳತೆಯ ಜೋಡಿ ಉತ್ತಮ. ಎರಡೂ ದಾರಿಗಳಲ್ಲಿ ಒಟ್ಟಿಗೆ ಸಾಗಣೆ ನಡೆಯುತ್ತದೆ.

ಜೋಡಿಸುವ ಕೆಲಸ ಸುಲಭ, ಆದರೆ ಎಚ್ಚರ ಬೇಕು. ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತೆಗೆಯಬೇಕು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲುದು. ಪಟ್ಟಿಯ ಅಂಚನ್ನು ಹಿಡಿದು, ಕಚ್ಚು ಹೊಂದಿಸಿ, ಎರಡು ತುದಿಗಳನ್ನೂ ಸಮನಾಗಿ ಒತ್ತಿದರೆ ಕೊಂಡಿ 'ಟಕ್' ಎಂದು ಕೂರುತ್ತದೆ. ಲ್ಯಾಪ್‌ಟಾಪಿನಲ್ಲಿ ಓರೆಯಾಗಿ ತೂರಿಸಿ ಕೆಳಕ್ಕೆ ಮಡಿಸಬೇಕು. ಕೂರದಿದ್ದರೆ ಬಲಪ್ರಯೋಗ ಸಲ್ಲದು.

ಆಮೇಲೆ ಹೊಸ ಮೊತ್ತ ಪೂರ್ತಿ ಕಾಣುವುದೇ ಎಂದು ನೋಡಿ, ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್ 86 ಪರೀಕ್ಷೆಯನ್ನು ಒಂದು ರಾತ್ರಿ ನಡೆಸುವುದು ಒಳ್ಳೆಯದು. ದೋಷವುಳ್ಳ ಪಟ್ಟಿಯು ನಾವು ಬರೆದಿಟ್ಟ ಕಡತವನ್ನೇ ಸದ್ದಿಲ್ಲದೆ ಕೆಡಿಸಬಹುದು. ಬಳಸಿದ ಪಟ್ಟಿ ಕೊಂಡವರಿಗಂತೂ ಇದು ಕಡ್ಡಾಯ.

2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳ ಬೇಡಿಕೆಯಿಂದಾಗಿ, ನೆನಪಿನ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಇಂತಹ ಕಾಲದಲ್ಲಿ ಪರೀಕ್ಷಿಸದೆ ಕೊಳ್ಳುವುದು ದುಂದು. ಪರೀಕ್ಷಿಸದೆ ಯಂತ್ರವನ್ನೇ ಎಸೆಯುವುದು ಇನ್ನೂ ದೊಡ್ಡ ದುಂದು. ರೋಗವನ್ನರಿತು ಮದ್ದು ಕೊಡುವುದು ವೈದ್ಯರ ಧರ್ಮ. ಬಡವರ ಮನೆಯ ಯಂತ್ರಕ್ಕೆ ಆ ಮನೆಯಲ್ಲಿ ಓದುತ್ತಿರುವವರೇ ವೈದ್ಯರು. ನಮ್ಮ ವಿದ್ಯಾರ್ಥಿಮಿತ್ರರು ಅಂಜಿಕೆ ಬಿಟ್ಟು ಇದನ್ನು ಕಲಿತರೆ, ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ಓದಿಗೆ ನೆರವಾದಾವು.