ಕಾಫಿಯ ಬೆಲೆಯೂ ಸಣ್ಣ ಬೆಳೆಗಾರನೂ

ಕೆಲವು ವಾರಗಳ ಹಿಂದೆ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ಮಿತ್ರರೊಬ್ಬರು ತಲೆಯೆತ್ತಿ ಒಂದು ಪ್ರಶ್ನೆ ಹಾಕಿದರು: “ಬ್ರೆಜಿಲ್ ದೇಶದಲ್ಲಿ ಮಳೆ ಬಾರದಿದ್ದರೆ ಇಲ್ಲಿ ರಾಸ್ತಾ ಪೇಠೆಯಲ್ಲಿ ಕಾಫಿಪುಡಿ ಏಕೆ ತುಟ್ಟಿಯಾಗಬೇಕು? ನಮ್ಮ ಕಾಫಿ ಬರುವುದು ಚಿಕ್ಕಮಗಳೂರಿನಿಂದಲ್ಲವೆ?” ಆಗ ನಮಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ನಮ್ಮಲ್ಲಿ ಬಹುಮಂದಿ ವಿಜಾಪುರ, ಕಲಬುರ್ಗಿ ಕಡೆಯವರು, ಚಹಾದ ಮಂದಿ. ಕಾಫಿಯ ಸಂಗತಿ ನಮಗೆ ದೂರದ್ದು. ಆದರೂ ಪ್ರಶ್ನೆ ಒಳ್ಳೆಯದಾದ್ದರಿಂದ, ಓದಿ ತಿಳಿದಷ್ಟನ್ನು ಈ ಸಲದ ಪಾಠದಲ್ಲಿ ಬರೆದಿದ್ದೇವೆ.

ಉತ್ತರದ ಮೊದಲ ಭಾಗ ಸುಲಭ. ಜಗತ್ತಿನ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬ್ರೆಜಿಲ್ ಒಂದರಲ್ಲೇ ಬೆಳೆಯುತ್ತದೆ. ಅರೇಬಿಕಾ ಕಾಫಿಗೆ ನ್ಯೂಯಾರ್ಕ್ ಪೇಟೆಯ ಧಾರಣೆ, ರೊಬಸ್ಟಾಕ್ಕೆ ಲಂಡನ್ನಿನ ಧಾರಣೆ. ನಮ್ಮ ದೇಶದ ಕಾಫಿಯ ಹೆಚ್ಚು ಪಾಲು ಇಟಲಿ ಮೊದಲಾದ ಹೊರದೇಶಗಳಿಗೆ ಹಡಗು ಹತ್ತುವುದರಿಂದ, ಇಲ್ಲಿ ಉಳಿಯುವ ಬೀಜಕ್ಕೂ ಅದೇ ಧಾರಣೆ ತಗಲುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್ಲಿನ ಪರಾನಾ ಪ್ರಾಂತದ ಗಿಡಗಳು ಒಂದೇ ಹಿಮದ ಹೊಡೆತಕ್ಕೆ ಸುಟ್ಟು ಕಪ್ಪಾದವು. 1977ರಲ್ಲಿ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಆ ದಾಖಲೆ ಮುರಿದದ್ದು 2024ರ ಡಿಸೆಂಬರಿನಲ್ಲಿ. ಆಗ ಅಲ್ಲಿ ಬರದ ಭಯ.

ಬೆಲೆ ಏರಿದಾಗ ಬೆಳೆದವನ ಕೈಗೆ ಎಷ್ಟು ಬಂತು, ಇಳಿದಾಗ ಅವನು ಏನಾದ ಎಂಬುದೇ ಕಠಿಣವಾದ ಭಾಗ.

ಕಾಫಿತೋಟ ಎಂದೊಡನೆ ಬಂಗಲೆ, ಜೀಪು, ಟೋಪಿ ಹಾಕಿದ ಸಾಹುಕಾರ ಕಣ್ಣಿಗೆ ಬರುತ್ತಾನೆ. ಇದು ಸಿನಿಮಾದ ಕಾಫಿತೋಟ. ಭಾರತದ ಕಾಫಿಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದು. ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ 25 ಎಕರೆಯೊಳಗಿನವರು. ಎರಡು ಮೂರು ಎಕರೆಯವರೇ ಎಷ್ಟೋ ಜನ. ಗಂಡ, ಹೆಂಡತಿ, ಮಕ್ಕಳು ಕೂಡಿ ಹಣ್ಣು ಕೊಯ್ದು ಕಣದಲ್ಲಿ ಒಣಗಿಸುತ್ತಾರೆ. ಫೆಬ್ರವರಿ, ಮಾರ್ಚಿಯಲ್ಲಿ ಒಂದು ಹೂಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಘಮಘಮಿಸುತ್ತದೆ. ಕೆರೆಯೂ ಪಂಪೂ ಇದ್ದವನು ಮಳೆ ತಪ್ಪಿದರೆ ನೀರು ಚಿಮುಕಿಸಿಕೊಳ್ಳುತ್ತಾನೆ. ಇಲ್ಲದವನು ಆಕಾಶ ನೋಡಬೇಕು. ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯೇ ಎಷ್ಟೋ ವರ್ಷ ಅಂಥ ಮನೆಗಳನ್ನು ಉಳಿಸಿದೆ.

ಬ್ರೆಜಿಲ್ಲಿನಲ್ಲಿಯೂ ಇಂಥ ಮನೆಗಳಿವೆ. ಅಲ್ಲಿಗೆ ಕಾಫಿಬೀಜ ಹೋದದ್ದು 1727ರಲ್ಲಿ. ಗುಲಾಮರ ಬೆವರಿನಿಂದ ತೋಟಗಳು ಬೆಳೆದವು. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಆ ಸುಮಾರಿಗೆ ಇಟಲಿಯ ಬಡ ರೈತರನ್ನು ಕುಟುಂಬ ಸಮೇತ ಹಡಗಿನಲ್ಲಿ ಕರೆತಂದರು. ಸಾಲುಗಳ ನಡುವೆ ಜೋಳ, ಅವರೆ ಬೆಳೆದು ಹೊಟ್ಟೆ ಹೊರೆದು, ಕಾಸಿಗೆ ಕಾಸು ಕೂಡಿಸಿ ತುಂಡು ಭೂಮಿ ಕೊಂಡವರು ಅವರಲ್ಲಿ ಹಲವರು. ಊರು ಬಿಟ್ಟು ಬಂದು ಖೋಲಿ ಮಾಡಿಕೊಂಡ ನಮಗೆ ಇದು ಅರ್ಥವಾಗದ ಕಥೆಯಲ್ಲ.

ಇನ್ನು ಬೆಲೆಯ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾಫಿ ಕಾಯಿದೆ ಬಂತು. ಮನೆಬಳಕೆಗೂ ಬಿತ್ತನೆಗೂ ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಒಟ್ಟು ರಾಶಿಗೆ ಕೊಡಬೇಕು. ಬೋರ್ಡು ಹರಾಜು ಹಾಕಿ ಕಂತುಕಂತಾಗಿ ಹಣ ಕೊಡಬೇಕು. ಇದನ್ನು ಪೂಲ್ ಎನ್ನುತ್ತಿದ್ದರು. ಕಂತು ತಡವಾಗುತ್ತದೆಂದು ಬೆಳೆಗಾರರು ಗೊಣಗಿದರು, ಗೊಣಗಿದ್ದು ನ್ಯಾಯವೇ. ಪಗಾರ ಹತ್ತು ದಿನ ತಡವಾದರೆ ನಾವು ಸುಮ್ಮನಿರುತ್ತೇವೆಯೆ? 1992ರಿಂದ ಕಟ್ಟು ಸಡಿಲವಾಗಿ 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. 1994ರಲ್ಲಿ ಬ್ರೆಜಿಲ್ಲಿಗೆ ಮತ್ತೆ ಹಿಮ ಬಡಿದು ಬೆಲೆ ಏರಿತ್ತು. ಸ್ವಾತಂತ್ರ್ಯ ಬಲು ಸಿಹಿಯಾಗಿ ಕಂಡಿತು. ಅಷ್ಟರಲ್ಲಿ ವಿಯೆಟ್ನಾಮಿನ ಕಾಫಿಯೂ ಪೇಟೆಗೆ ನುಗ್ಗಿತು. 2001ರ ಹೊತ್ತಿಗೆ ಧಾರಣೆ ಪಾತಾಳ ಕಂಡು, ಖರ್ಚೂ ಹುಟ್ಟದೆ ಸಣ್ಣವರು ಸಾಲಕ್ಕೆ ಬಿದ್ದರು.

ಒಂಟಿಯಾಗಿ ಮಾರುವವನು ಹೇಗೆ ಸೋಲುತ್ತಾನೆ ಎಂಬುದನ್ನು ಲೆಕ್ಕ ಬರೆಯುವವರು ನಾವು ಅಂಕಿಯಲ್ಲೇ ತೋರಿಸುತ್ತೇವೆ. ಒಣಗಿಸಿದ ಹಣ್ಣಿಗೆ ಚೆರಿ ಎಂದು ಹೆಸರು. 50 ಕಿಲೋ ಚೆರಿಯ ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕಿಲೋ ಬೀಜ ದಕ್ಕುತ್ತದೋ ಅದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಬೆಲೆ ಕಟ್ಟುವುದು ಅದರ ಮೇಲೆ. ಒಬ್ಬನ ಬಳಿ 40 ಚೀಲ ಇವೆ ಎನ್ನಿ. ನಿಜವಾದ ಔಟ್‌ಟರ್ನ್ 27. ಬಾಗಿಲಿಗೆ ಬಂದ ವ್ಯಾಪಾರಿ 25 ಎಂದು ಬರೆದುಕೊಂಡ. ಚೀಲಕ್ಕೆ 2 ಕಿಲೋದಂತೆ 80 ಕಿಲೋ ಬೀಜ ಹೋಯಿತು. ಮಕ್ಕಳ ಫೀ, ಸಾಲದ ವಾಯಿದೆ ತಲೆಯ ಮೇಲಿರುವಾಗ ಅವನು ವಾದಿಸುವುದೆಲ್ಲಿ?

ಬ್ರೆಜಿಲ್ಲಿನ ಮಿನಾಸ್ ಜೆರಾಯಿಸ್ ಪ್ರಾಂತದಲ್ಲಿ ಗ್ವಾಶುಪೆ ಎಂಬ ಊರಿದೆ. ಅಲ್ಲಿ 1932ರಲ್ಲಿ ರೈತರು ಒಂದು ಸಾಲದ ಸಹಕಾರಿ ಸಂಘ ಕಟ್ಟಿದರು, ನಮ್ಮ ಪತಪೇಢಿಯ ಹಾಗೆ. 1957ರಲ್ಲಿ ಅದು ಕಾಫಿ ವ್ಯವಹಾರಕ್ಕೆ ಇಳಿಯಿತು. ಕೂಶುಪೆ ಎಂಬ ಹೆಸರಿನ ಆ ಸಂಘ ಇಂದು ಬಹು ದೊಡ್ಡದು. ಸದಸ್ಯರಲ್ಲಿ ಬಹುಪಾಲು ಸಣ್ಣ ಬೆಳೆಗಾರರೇ. ಚೀಲ ಸಂಘದ ಉಗ್ರಾಣದಲ್ಲಿದ್ದರೆ ಬಾಗಿಲ ವ್ಯಾಪಾರಿಗೆ ಹೆದರಬೇಕಾಗಿಲ್ಲ. ಇದನ್ನು ಓದಿ ನಾವು ಬೆರಗಾಗಬೇಕಾದ್ದೇನೂ ಇಲ್ಲ. 1905ರಲ್ಲೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ್ದರು. ಹಳೆಯ ಪೂಲ್ ಮರಳಿ ಬರಲಿ ಎಂದು ನಾವು ಹೇಳುವುದಿಲ್ಲ. ರೈತರು ತಾವಾಗಿ ಕೂಡಿಸಿದ ರಾಶಿ ಬೇರೆ, ಕಾಯಿದೆ ಕೂಡಿಸಿದ ರಾಶಿ ಬೇರೆ.

ಬೆಳೆಗಾರನ ಹಿಂದೆ ಇನ್ನೊಬ್ಬರಿದ್ದಾರೆ, ಅವರನ್ನು ಮರೆಯಬಾರದು. ಹಿಂದೆ ದಕ್ಷಿಣ ಕನ್ನಡದ ಬಡವರು ಘಟ್ಟ ಹತ್ತಿ ತೋಟಗಳಿಗೆ ಹೋಗುತ್ತಿದ್ದರು. ಕೊಡಗಿನಲ್ಲಿ ಯರವರು, ಕುರುಬರು ತಲೆಮಾರುಗಳಿಂದ ಲೈನ್ ಮನೆಗಳಲ್ಲಿ ಬಾಳಿದ್ದಾರೆ. ಈಗ ಅಸ್ಸಾಮಿನಿಂದಲೂ ಕೂಲಿಯವರು ಬರುತ್ತಾರೆ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ಔಷಧ, ಕೂಸುಗಳನ್ನು ನೋಡಿಕೊಳ್ಳುವ ಜಾಗ ಇವನ್ನೆಲ್ಲ ಕೊಡಬೇಕೆಂದಿತು, ಆದರೆ ದೊಡ್ಡ ತೋಟಗಳಿಗೆ ಮಾತ್ರ. ಸಣ್ಣ ತೋಟದ ಆಳು ಅದರ ಹೊರಗೇ ಉಳಿದ. ಧಣಿಗೇ ಗಿಟ್ಟದಿದ್ದಾಗ ಆಳಿಗೆ ಎಲ್ಲಿಂದ ಬರಬೇಕು ಎಂಬುದು ಅವರ ಮಾತು. ಬೆಲೆ ಏರಿದ ವರ್ಷ ಕೂಲಿಯೂ ಅಷ್ಟೇ ಏರಿತೆ ಎಂಬುದು ನಮ್ಮ ಪ್ರಶ್ನೆ.

ಕೊನೆಗೆ ನಮ್ಮ ಡಬ್ಬಿಯ ಮಾತು. ಅಂಗಡಿಯ ಪುಡಿಯಲ್ಲಿ ಚಿಕೋರಿ ಬೆರೆತಿರುತ್ತದೆ. ಅದು ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಒಂದು ಗಡ್ಡೆ. ಹುರಿದು ಪುಡಿ ಮಾಡುತ್ತಾರೆ. ನೂರಕ್ಕೆ 49ರವರೆಗೆ ಬೆರೆಸಲು ಕಾನೂನಿನ ಅನುಮತಿಯಿದೆ, ಆದರೆ ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. 53ಕ್ಕೆ 47ರ ಮಿಶ್ರಣವಾದರೆ 200 ಗ್ರಾಮಿನಲ್ಲಿ ಕಾಫಿ 106 ಗ್ರಾಂ, ಗಡ್ಡೆ 94 ಗ್ರಾಂ. ಆ 94 ಗ್ರಾಮಿನ ಹಣದಲ್ಲಿ ಮಲೆನಾಡಿಗೆ ಒಂದು ಕಾಸೂ ಹೋಗುವುದಿಲ್ಲ. ಚಿಕೋರಿ ಬೇಡವೇ ಬೇಡ ಎನ್ನಲು ನಮಗೆ ಬಾಯಿಲ್ಲ; ತಿಂಗಳ ಕೊನೆಗೆ ನಾವೂ ಅಗ್ಗದ್ದನ್ನೇ ತರುತ್ತೇವೆ. ಆದರೆ ಯಾವುದಕ್ಕೆ ಎಷ್ಟು ಕೊಟ್ಟೆವೆಂದು ತಿಳಿದು ಕೊಡಬಹುದಲ್ಲ.

ಬರುವ ಭಾನುವಾರ ವಾಚನಾಲಯಕ್ಕೆ ಬರುವಾಗ ಮನೆಯಲ್ಲಿರುವ ಖಾಲಿ ಪೊಟ್ಟಣವನ್ನು ತನ್ನಿ. ಪ್ರಮಾಣ ಓದಿ ಕಾಫಿಗೆ ಬಿದ್ದ ಬೆಲೆಯನ್ನು ಒಟ್ಟಿಗೆ ಲೆಕ್ಕ ಹಾಕೋಣ. ಆಮೇಲೆ ನಕ್ಷೆಯಲ್ಲಿ ಗ್ವಾಶುಪೆಯನ್ನೂ ಕಣಗಿನಹಾಳವನ್ನೂ ಹುಡುಕೋಣ.