ಆರು ತಿಂಗಳಾದ ಮೇಲೆ ಮಗು ಬಿಳುಚಿದ್ದೇಕೆ?

"ಹುಟ್ಟಿದಾಗ ಕೆಂಪಗೆ, ದುಂಡುದುಂಡಗೆ ಇತ್ತು ಡಾಕ್ಟ್ರೇ. ಆರು ತಿಂಗಳಾದ ಮೇಲೆ ಬಿಳುಚಿಕೊಳ್ತಾ ಬಂತು. ದೃಷ್ಟಿ ಆಯ್ತೇನೋ ಅಂದ್ಕೊಂಡ್ವಿ."

ತ್ಯಾಗರಾಜನಗರದ ಒಬ್ಬ ತಾಯಿ ಹೀಗೆಂದರು. ಮಗುವಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದೆ. ಒಳಗೆ ಕೆಂಪಿರಬೇಕಾದ ಕಡೆ ಕಾಗದದಂಥ ಬಿಳುಪು. ಎಡ ಪಕ್ಕೆಯ ಕೆಳಗೆ ಊದಿದ ಗುಲ್ಮ ಕೈಗೆ ಸಿಕ್ಕಿತು. ಪರೀಕ್ಷೆಯಲ್ಲಿ ಬೀಟಾ ಥಲಸ್ಸೇಮಿಯಾ ಮೇಜರ್ ಎಂದು ಬಂತು. ಅವರು ಮೊದಲು ಕೇಳಿದ್ದು, "ನಾನೇನಾದ್ರೂ ತಪ್ಪು ತಿನ್ನಿಸಿದ್ನಾ?" ಖಂಡಿತ ಇಲ್ಲ ತಾಯಿ. ಆರು ತಿಂಗಳು ಮಗುವನ್ನು ಕಾಪಾಡಿದ್ದು ಬೇರೊಂದು ಹಿಮೋಗ್ಲೋಬಿನ್.

ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್‌ಗೆ ಆಲ್ಫಾ ಜೊತೆ ಗಾಮಾ ಸರಪಳಿ ಬೇಕು, ದೊಡ್ಡವರದಕ್ಕೆ ಆಲ್ಫಾ ಜೊತೆ ಬೀಟಾ. ಗಾಮಾ, ಬೀಟಾ ಜೀನ್‌ಗಳು 11ನೇ ಕ್ರೋಮೋಸೋಮಿನಲ್ಲಿ ಒಂದೇ ಸಾಲಿನಲ್ಲಿವೆ. ನಮ್ಮ ಬಡಾವಣೆಗಳಲ್ಲಿ ವಾಲ್ವ್‌ಮ್ಯಾನ್ ಬಂದು ಒಂದು ಕ್ರಾಸಿಗೆ ನೀರು ನಿಲ್ಲಿಸಿ ಇನ್ನೊಂದಕ್ಕೆ ಬಿಡುತ್ತಾನಲ್ಲ, ಮಜ್ಜೆಯಲ್ಲಿ ಬೆಳೆಯುವ ಕೆಂಪುಕಣದಲ್ಲೂ ಹೆಚ್ಚುಕಡಿಮೆ ಅದೇ ಏರ್ಪಾಡು. ಮೇನ್ ಲೈನಿನಂತೆ ಒಂದು ನಿಯಂತ್ರಣ ಭಾಗವಿದೆ. ಅದು ಮೊದಲು ಗಾಮಾಕ್ಕೆ, ಆಮೇಲೆ ಬೀಟಾಕ್ಕೆ ಸೇರಿಕೊಳ್ಳುತ್ತದೆ. ವಾಲ್ವ್ ತಿರುಗಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಗಾಟಾ1 ಇಲ್ಲದೆ ಕೆಂಪುಕಣವೇ ಬಲಿಯುವುದಿಲ್ಲ. ಕೆಎಲ್‌ಎಫ್1 ಬೀಟಾವನ್ನು ತೆರೆಯುತ್ತದೆ. ಗಾಮಾವನ್ನು ಮುಚ್ಚುವುದು ಬಿಸಿಎಲ್11ಎ.

ಹುಟ್ಟಿದಾಗ ಹಿಮೋಗ್ಲೋಬಿನ್ನಿನ ಬಹುಪಾಲು ಗಾಮಾದ್ದೇ. ಅದು ಇಳಿಯುತ್ತಾ ವರ್ಷ ತುಂಬುವ ಹೊತ್ತಿಗೆ ಅತ್ಯಲ್ಪ. ಬೀಟಾ ಕೆಟ್ಟಿದ್ದರೆ, ಗಾಮಾ ಮುಚ್ಚಿದಂತೆಲ್ಲ ರಕ್ತ ಕಡಿಮೆಯಾಗುತ್ತದೆ. ಜೊತೆ ಸಿಗದ ಆಲ್ಫಾ ಹೆಪ್ಪುಗಟ್ಟಿ ಎಳೆಯ ಕಣಗಳು ಮಜ್ಜೆಯಲ್ಲೇ ಸಾಯುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ಕಾಯಿಲೆ ಕೂಡ ಬೀಟಾ ಜೀನಿನದೇ ದೋಷ. ಅದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಗಾಮಾವನ್ನು ಒಂದಿಷ್ಟು ತೆರೆಯುತ್ತದೆ.

ಹಾಗಾದರೆ ಮುಚ್ಚಿದ ವಾಲ್ವನ್ನು ಮತ್ತೆ ತೆರೆಯಬಾರದೇ? 2008ರಲ್ಲಿ ಬಿಸಿಎಲ್11ಎ ಪಾತ್ರ ಸ್ಪಷ್ಟವಾದ ಮೇಲೆ ವಿಜ್ಞಾನಿಗಳು ಹಿಡಿದದ್ದು ಇದೇ ದಾರಿ. ಕೆಂಪುಕಣದಲ್ಲಿ ಬಿಸಿಎಲ್11ಎ ಹುಟ್ಟಲು ಗಾಟಾ1 ಕೂರುವ ಒಂದು ಜಾಗ ಬೇಕು. ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಆ ಜಾಗವನ್ನಷ್ಟೇ ಕತ್ತರಿಸಿದರೆ ಗಾಮಾ ಮತ್ತೆ ಹರಿಯುತ್ತದೆ. ಬ್ರಿಟನ್ 2023ರ ನವೆಂಬರಿನಲ್ಲಿ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು, 12 ವರ್ಷ ತುಂಬಿದವರಿಗೆ. ಮೊದಲು ಕಠಿಣ ಕೀಮೋಥೆರಪಿ ಬೇಕು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಅದನ್ನು ನಂಬಿ ಇವತ್ತಿನ ಚಿಕಿತ್ಸೆ ತಪ್ಪಿಸಬೇಡಿ.

ಮೇಜರ್ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣ ಹೊರಹಾಕಲು ಔಷಧಿ ಬೇಕು. ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇದಕ್ಕೆಂದೇ ಡೇ ಕೇರ್ ಇದೆ. ಮಜ್ಜೆ ಕಸಿ ಮಾಡಲು ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಪರೀಕ್ಷೆಯನ್ನು ಬೇಗ ಮಾಡಿಸಿ.

ಆ ತಾಯಿಯ ಹಳೆಯ ರಿಪೋರ್ಟ್ ನನ್ನ ಮೇಜಿನ ಮೇಲಿತ್ತು. ಹಿಮೋಗ್ಲೋಬಿನ್ 10.4, ಕೆಂಪುಕಣಗಳ ಗಾತ್ರ ಬರೀ 64, ಎಣಿಕೆ ಮಾತ್ರ ಹೆಚ್ಚು. ಬಸುರಿನಲ್ಲಿ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ್ದರು. ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಯಾರೂ ನೋಡಿರಲಿಲ್ಲ. ಅದು ಶೇಕಡ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಥಲಸ್ಸೇಮಿಯಾ ವಾಹಕರು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಮೇಜರ್ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಅವರು ಮೊನ್ನೆ ಫೋನ್ ಮಾಡಿ, ಮತ್ತೆ ಎರಡು ತಿಂಗಳು ಎಂದರು. ಹನ್ನೊಂದನೇ ವಾರದ ಸುಮಾರಿಗೆ ಮಾಸುವಿನ ಚೂರು ತೆಗೆದು ಪರೀಕ್ಷಿಸಬಹುದು. ನಾಳೆಯೇ ಬನ್ನಿ, ಯಜಮಾನರನ್ನೂ ಕರೆತನ್ನಿ ಎಂದೆ.