ಟಿಂಕರಿಂಗ್ ಕಾಣದ ಪವರ್ ವ್ಯಾಗನ್

ಹಳೆಯ ವಾಹನ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿನಲ್ಲೋ ವಿಂಟೇಜ್ ರ‍್ಯಾಲಿಗಳಲ್ಲೋ ಕಂಡ, ಮುಖ ನೋಡಿಕೊಳ್ಳುವಷ್ಟು ಮಿರುಗುವ ಕಾರುಗಳು. ಹಾಗಿರುವಾಗ, ಬಣ್ಣ ಸುಲಿದ, ಮಡ್‌ಗಾರ್ಡ್ ನುಗ್ಗಾದ, ಸೀಟು ಹರಿದ ಒಂದು ಅಮೆರಿಕನ್ ಪಿಕಪ್ ಟ್ರಕ್ಕನ್ನು ಅದೇ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಜನ ಹಂಬಲಿಸುತ್ತಾರೆ ಎಂದರೆ ಹೊಸಬರಿಗೆ ವಿಚಿತ್ರವೆನಿಸುವುದು ಸಹಜ. ದುಡ್ಡು ಸಾಲದೆ ಬಿಟ್ಟಿರಬೇಕು ಎಂದೇ ಮೊದಲು ತೋಚುತ್ತದೆ. ಕೆಲವೊಮ್ಮೆ ಅದೂ ನಿಜವೇ. ಆದರೆ ದುಡ್ಡಿದ್ದೂ ಕೈ ಹಚ್ಚದವರು ಬೇಕಾದಷ್ಟಿದ್ದಾರೆ. ಅವರಿಗೆ ಕಾಣುವುದು ನಮಗೂ ಕಾಣಬೇಕಾದರೆ ಒಂದೇ ಒಂದು ಗಾಡಿಯನ್ನು ಸಾವಕಾಶವಾಗಿ ನೋಡಿದರೆ ಸಾಕು. ಡಾಡ್ಜ್ ಪವರ್ ವ್ಯಾಗನ್ ಅದಕ್ಕೆ ತಕ್ಕ ಗಾಡಿ.

ಇದರ ಮೂಲ ಸೈನ್ಯದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಡಾಡ್ಜ್ ಕಂಪನಿ ಅಮೆರಿಕದ ಸೇನೆಗೆ ಮುಕ್ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಟ್ರಕ್ಕುಗಳನ್ನು ರಾಶಿ ರಾಶಿಯಾಗಿ ಕಟ್ಟಿಕೊಟ್ಟಿತ್ತು. ಯುದ್ಧ ಮುಗಿಯಿತು, ಕಟ್ಟುವ ಕೈಗಳೂ ಅಚ್ಚುಗಳೂ ಉಳಿದವು. ಆ ಸೈನಿಕ ಚಾಸಿಯ ಬಳಗಕ್ಕೇ ಸೇರಿದ ಗಟ್ಟಿ ಚಾಸಿಯ ಮೇಲೆ, ಯುದ್ಧಕ್ಕೂ ಮುಂಚಿನ ತನ್ನ ನಾಗರಿಕ ಟ್ರಕ್ಕಿನ ಕ್ಯಾಬಿನ್ ಕೂರಿಸಿ, ಹಿಂದೆ ಎಂಟಡಿ ಉದ್ದದ ತೊಟ್ಟಿ ಇಟ್ಟು, 1946ರಲ್ಲಿ ಕಂಪನಿ ಇದನ್ನು ಒಂದು ಟನ್ನಿನ ಪಿಕಪ್ ಎಂದು ಮಾರಾಟಕ್ಕೆ ಬಿಟ್ಟಿತು. ಆಗ ಕಾರ್ಖಾನೆಯಿಂದಲೇ ನಾಲ್ಕೂ ಚಕ್ರಕ್ಕೆ ಬಲ ಹೊತ್ತು ಬರುವ ದೊಡ್ಡ ಪಿಕಪ್ ಇನ್ನೊಂದಿರಲಿಲ್ಲ ಎನ್ನಬಹುದು. ಫೋರ್ಡ್ ಬೇಕಾದವರು ಅದನ್ನು ಕೊಂಡು ಇಂಡಿಯಾನಾಪೊಲಿಸ್‌ನ ಮಾರ್ಮನ್-ಹೆರಿಂಗ್ಟನ್ ಕಂಪನಿಯಿಂದ ಫೋರ್ ವೀಲ್ ಮಾಡಿಸಿಕೊಳ್ಳಬೇಕಿತ್ತು. ಫೋರ್ಡ್ ತಾನೇ ಅಂಥ ಪಿಕಪ್ ಕೊಟ್ಟದ್ದು 1959ರ ಮಾದರಿಯಲ್ಲಿ.

ವಿಶೇಷವೇನೆಂದರೆ, 1946ರ ಈ ಗಾಡಿ ಮುಖ ಬದಲಿಸದೆ 1968ರವರೆಗೆ ಅಮೆರಿಕದಲ್ಲಿ ಮಾರಾಟವಾಯಿತು. ಅಮೆರಿಕನ್ ಕಾರುಗಳು ವರ್ಷಕ್ಕೊಂದು ವೇಷ ಹಾಕುತ್ತಿದ್ದ ಕಾಲವದು. ಪಕ್ಕದ ಕಾರುಗಳಿಗೆ ರೆಕ್ಕೆ ಬಂತು, ಹೋಯಿತು. ಇದಕ್ಕೆ ಅದೇ ಎದ್ದು ನಿಂತ ಮೂಗು, ಅದೇ ಚಪ್ಪಟೆ ಮಡ್‌ಗಾರ್ಡ್. 1957ರಲ್ಲಿ ಡಾಡ್ಜ್ ತನ್ನ ಮಾಮೂಲಿ ಪಿಕಪ್ಪುಗಳ ಫೋರ್ ವೀಲ್ ಮಾದರಿಗೂ ಪವರ್ ವ್ಯಾಗನ್ ಎಂಬ ಹೆಸರು ಹಚ್ಚಿದ್ದರಿಂದ, ಹಳೆಯದನ್ನು ಗುರುತಿಸಲು ಈಗ ‘ಫ್ಲ್ಯಾಟ್ ಫೆಂಡರ್’ ಎನ್ನುತ್ತಾರೆ.

ಇನ್ನು ಬಾನೆಟ್ಟಿನ ಕೆಳಗೆ ಬರೋಣ. ಮೊದಲ ವರ್ಷಗಳ ಎಂಜಿನ್ 230 ಘನ ಅಂಗುಲದ್ದು, ಅಂದರೆ ಸುಮಾರು 3.8 ಲೀಟರ್; ಆರು ಸಿಲಿಂಡರ್, ಶಕ್ತಿ 94 ಹಾರ್ಸ್ ಪವರ್. ಇವತ್ತಿನ ಚಿಕ್ಕ ಕಾರುಗಳೂ ಅಷ್ಟು ಕೊಡುತ್ತವೆ ಎಂದು ನಗಬೇಡಿ. ಇಲ್ಲಿ ಆಟವೆಲ್ಲ ಗೇರಿನದು. ನಾಲ್ಕು ಗೇರುಗಳಲ್ಲಿ ಮೊದಲನೆಯದು ಎಷ್ಟು ನಿಧಾನವೆಂದರೆ, ಖಾಲಿ ಗಾಡಿಯನ್ನು ಎರಡನೆಯದರಲ್ಲೇ ಎತ್ತುತ್ತಾರೆ. ಡಬಲ್ ಕ್ಲಚ್ ಹೊಡೆಯದಿದ್ದರೆ, ಅಂದರೆ ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ಒತ್ತದಿದ್ದರೆ, ಗೇರು ಕಿರುಗುಟ್ಟಿ ಮರ್ಯಾದೆ ತೆಗೆಯುತ್ತದೆ. ನಮ್ಮ ಹಳೆಯ ಲಾರಿ ಡ್ರೈವರುಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿದೆ. ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಮಾತ್ರ ಕೊಡಬೇಕೋ ಮುಂದಕ್ಕೂ ಹಂಚಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅದರಲ್ಲೇ ಹೈ ಮತ್ತು ಲೋ ಎಂಬ ಎರಡು ಹಂತಗಳೂ ಇವೆ. ಲೋ ಹಾಕಿದರೆ ವೇಗ ಇಳಿದು ಎಳೆಯುವ ಬಲ ಏರುತ್ತದೆ. ಸೈನ್ಯದ ಮುಕ್ಕಾಲು ಟನ್ನಿನ ಟ್ರಕ್ಕಿಗೆ ಒಂದೇ ಹಂತವಿತ್ತು, ರೈತನ ಗಾಡಿಗೆ ಎರಡು ಕೊಟ್ಟರು.

ಟ್ರ್ಯಾಕ್ಟರ್ ಇರುವ ಮನೆಯವರಿಗೆ ಪಿಟಿಒ, ಅಂದರೆ ಎಂಜಿನ್ನಿನ ಬಲವನ್ನು ಬೇರೆ ಯಂತ್ರಕ್ಕೆ ಕೊಡುವ ವ್ಯವಸ್ಥೆ, ಗೊತ್ತು. ಪವರ್ ವ್ಯಾಗನ್ನಿಗೂ ಅದನ್ನು ಹಾಕಿಸಿಕೊಳ್ಳಬಹುದಿತ್ತು. ಹಿಂದೆ ರಾಟೆ ಕಟ್ಟಿ ಮರ ಕೊಯ್ಯುವ ಗರಗಸ ತಿರುಗಿಸಬಹುದು. ಮುಂದೆ ಬಂಪರಿನ ಬಳಿಯ ವಿಂಚಿನಿಂದ ಹುಗಿದ ಗಾಡಿಯನ್ನೋ ಉರುಳಿಸಿದ ದಿಮ್ಮಿಯನ್ನೋ ಎಳೆಯಬಹುದು. ಹೀಗಾಗಿ ಇದನ್ನು ಕೊಂಡವರು ಮೋಜಿಗಾಗಿ ಕೊಂಡವರಲ್ಲ. ಜಾನುವಾರು ಸಾಕುವವರು, ಎಣ್ಣೆ ಬಾವಿಯವರು, ವಿದ್ಯುತ್ ತಂತಿ ಎಳೆಯುವವರು, ಅರಣ್ಯ ಇಲಾಖೆಯವರು, ಊರಿನ ಅಗ್ನಿಶಾಮಕ ದಳದವರು. ಓಟ ಮಾತ್ರ ಕೇಳಬೇಡಿ. ಗಂಟೆಗೆ 70-80 ಕಿ.ಮೀ. ದಾಟಿಸಲು ಹೋದರೆ ಗಾಡಿ ಗೋಳಿಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆವು. ಇಷ್ಟು ದುಡಿದ ಗಾಡಿಯ ಮೈಮೇಲೆ ದುಡಿಮೆಯ ಲೆಕ್ಕವೆಲ್ಲ ಬರೆದಿರುತ್ತದೆ. ಓದುವುದು ಹೇಗೆ?

ಮೊದಲು ಚಾಲಕನ ಬಾಗಿಲು ನೋಡಿ. ಕಿಟಕಿಯ ಕೆಳ ಅಂಚಿನಲ್ಲಿ ಮೊಣಕೈ ಊರುವ ಜಾಗದಲ್ಲಿ ಬಣ್ಣ ಸವೆದು, ಕೆಳಗಿನ ಪ್ರೈಮರ್ ಕಂಡು, ನಡುವೆ ಬರೀ ತಗಡು ನುಣ್ಣಗೆ ಹೊಳೆಯುತ್ತಿರುತ್ತದೆ. ತುಕ್ಕಿನಿಂದ ಹೋದ ಬಣ್ಣ ಗುಳ್ಳೆಯೆದ್ದು ಒಡೆಯುತ್ತದೆ, ಅಂಚು ಒರಟು. ಕೈಯಿಂದ ಸವೆದ ಬಣ್ಣ ಪದರ ಪದರವಾಗಿ ಮೆಲ್ಲಗೆ ತೆಳುವಾಗುತ್ತದೆ, ಬೆರಳಾಡಿಸಿದರೆ ಅಂಚೇ ಸಿಗುವುದಿಲ್ಲ. ಈ ವ್ಯತ್ಯಾಸ ಒಮ್ಮೆ ಕೈಗೆ ತಿಳಿದರೆ ಅರ್ಧ ವಿದ್ಯೆ ಬಂದಂತೆ. ಬಳಿಕ ಬಾಗಿಲಿನ ನಡುಭಾಗವನ್ನು ಓರೆ ಬಿಸಿಲಿನಲ್ಲಿ ನೋಡಿ. ಅಲ್ಲಿ ಹಿಂದೆ ಯಾವುದೋ ಫಾರ್ಮಿನ ಅಥವಾ ದಳದ ಹೆಸರು ಬರೆದಿದ್ದರೆ, ಅಕ್ಷರಗಳು ಅಳಿದರೂ ಅವುಗಳ ಅಡಿಯ ಬಣ್ಣ ಬಿಸಿಲಿಗೆ ಕಂದದೆ ಉಳಿದಿರುತ್ತದೆ. ಅಷ್ಟರಿಂದಲೇ ಹೆಸರು ಓದಬಹುದು. ಗಾಡಿಯ ಮೊದಲ ಊರು ಗೊತ್ತಾಗುವುದು ಎಷ್ಟೋ ಸಲ ಹೀಗೆ.

ವಿಂಚ್ ಇದ್ದರೆ ಮಂಡಿಯೂರಿ ಕೆಳಗೆ ಬಗ್ಗಬೇಕು. ವಿಂಚನ್ನು ತಿರುಗಿಸುವ ಶಾಫ್ಟಿನಲ್ಲಿ ಒಂದು ಮೆತ್ತನೆಯ ಪಿನ್ ಇರುತ್ತದೆ. ಹೊರೆ ಮೀರಿದರೆ ಮೊದಲು ತುಂಡಾಗಬೇಕಾದದ್ದು ಅದು. ಹಗ್ಗವೂ ಗೇರೂ ಉಳಿಯಲಿ ಎಂದು. ಆ ಜಾಗದಲ್ಲಿ ಯಾರೋ ಗಟ್ಟಿ ಬೋಲ್ಟು ಜಡಿದಿದ್ದರೆ ಎರಡು ಸಂಗತಿ ತಿಳಿದವು ಎನ್ನಿ: ವಿಂಚಿಗೆ ಕೈತುಂಬ ಕೆಲಸವಿತ್ತು, ಮಾಲೀಕನಿಗೆ ತಾಳ್ಮೆಯಿರಲಿಲ್ಲ. ತೊಟ್ಟಿಯ ಒಳಗೋಡೆಯ ಗೀರುಗಳು, ಕ್ಲಚ್ ಪೆಡಲಿನ ಸವೆತ, ಫುಟ್‌ಬೋರ್ಡಿನ ತಗ್ಗು ಎಲ್ಲವೂ ಇದೇ ಜಾತಿಯ ಸಾಕ್ಷಿಗಳು.

ಟಿಂಕರಿಂಗ್ ಮಾಡಿ, ಪಟ್ಟಿ ಮೆತ್ತಿ, ಉಜ್ಜಿ, ಹೊಸ ಬಣ್ಣ ಹೊಡೆದರೆ ಗಾಡಿ ಚಂದ ಕಾಣುತ್ತದೆ, ಸರಿ. ಆದರೆ ಮೇಲಿನದರಲ್ಲಿ ಒಂದೂ ಉಳಿಯುವುದಿಲ್ಲ. ಬಣ್ಣವನ್ನು ನಾಳೆಯೂ ಹೊಡೆಯಬಹುದು, ಹೋದ ಸವೆತವನ್ನು ಮರಳಿ ತರಲಾಗದು. ಫಿಲಡೆಲ್ಫಿಯಾದಲ್ಲಿ ಕಾರ್ ಮ್ಯೂಸಿಯಂ ಕಟ್ಟಿದ ಫ್ರೆಡ್ ಸಿಮಿಯೋನ್ ಈ ವಾದವನ್ನು ಬಲವಾಗಿ ಮುಂದಿಟ್ಟವರಲ್ಲಿ ಒಬ್ಬರು. ವೃತ್ತಿಯಲ್ಲಿ ಅವರು ನರರೋಗಗಳ ಶಸ್ತ್ರವೈದ್ಯರಾಗಿದ್ದರು; ಚಿತ್ರಕಲೆ, ಪೀಠೋಪಕರಣಗಳ ಲೋಕದಲ್ಲಿ ಮೂಲ ಮೇಲ್ಮೈಗೆ ಇರುವ ಬೆಲೆ ವಾಹನಗಳಿಗೂ ಸಲ್ಲಬೇಕೆಂದು ಹೇಳುತ್ತ ಬಂದರು. ಅಮೆರಿಕದ ಹಳೆಯ ಕಾರು ಸಂಘವಾದ ಎಎಸಿಎ ತನ್ನ ಪ್ರದರ್ಶನಗಳಲ್ಲಿ ಮೂಲಸ್ಥಿತಿ ಉಳಿಸಿಕೊಂಡ ಗಾಡಿಗಳಿಗೆಂದೇ ಬೇರೆ ವಿಭಾಗವನ್ನು ಇಟ್ಟಿದೆ.

ಹಾಗೆಂದು ಎಲ್ಲವನ್ನೂ ಮುಟ್ಟದೆ ಬಿಡಬೇಕೆಂದಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಕಣ್ಣಿಗೆ ಕಾಣುವುದನ್ನು ಬಿಡಿ, ಪ್ರಾಣ ಕಾಯುವುದನ್ನು ಹೊಸದು ಮಾಡಿಸಿ. ಈ ಟ್ರಕ್ಕಿನ ಬ್ರೇಕು ಹೈಡ್ರಾಲಿಕ್, ನಿಜ. ಆದರೆ ನಾಲ್ಕೂ ಚಕ್ರಕ್ಕೆ ಮಾಸ್ಟರ್ ಸಿಲಿಂಡರಿನ ಒಂದೇ ಸಾಲು. ಎಲ್ಲೋ ಒಂದು ಕಡೆ ಪೈಪು ಸೋರಿದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋದವು. ಹ್ಯಾಂಡ್ ಬ್ರೇಕು ಚಕ್ರಗಳನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಪೈಪು, ಹೋಸು, ವಾಷರುಗಳಲ್ಲಿ ಮುಲಾಜು ಬೇಡ. ಬಟ್ಟೆ ಸುತ್ತಿದ ಹಳೆಯ ವೈರಿಂಗ್ ಪುಡಿಯಾಗುತ್ತಿದ್ದರೆ ಬದಲಿಸಿ. ಲಾಕ್ ರಿಂಗ್ ಇರುವ ಚಕ್ರವಾದರೆ, ಅದನ್ನು ಬಲ್ಲ ಪಂಕ್ಚರ್ ಅಂಗಡಿಯವರೇ ಪಂಜರದೊಳಗಿಟ್ಟು ಗಾಳಿ ಹಿಡಿಯಲಿ. ಸಿಡಿದ ರಿಂಗು ಆಳನ್ನೇ ತೆಗೆದದ್ದುಂಟು. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಎತ್ತಿಡಿ.

ಇನ್ನೊಂದು ಎಚ್ಚರಿಕೆ. ಹಳತಾದಂತೆ ಕಾಣಲೆಂದೇ ಬಣ್ಣ ಉಜ್ಜಿ, ಆಮ್ಲ ಸವರಿ, ಬಾಗಿಲ ಮೇಲೆ ಇಲ್ಲದ ಫಾರ್ಮಿನ ಹೆಸರು ಬರೆಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಸುಳ್ಳು ಸಾಕ್ಷಿ. ಕೈ ತಾಗದ ಜಾಗದಲ್ಲಿ ಸವೆತ ಕಂಡರೆ, ಬಿಸಿಲು ಬೀಳುವ ಮೇಲ್ಭಾಗವೂ ನೆರಳಿನ ಒಳಬದಿಯೂ ಒಂದೇ ಸಮ ಕಂದಿದ್ದರೆ ಅನುಮಾನಪಡಿ.

ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಿಂದ ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ಸಂತತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳನ್ನು ಹೊತ್ತಿದೆ. ಮಿಲಿಟರಿ ಹರಾಜಿನಲ್ಲಿ ಬಂದ ಜೋಂಗಾ ಜೀಪುಗಳೂ ಅಲ್ಲಿವೆ. ಅಂಥದ್ದೊಂದು ನಿಮ್ಮ ಮನೆಯ ಶೆಡ್ಡಿನಲ್ಲಿದ್ದರೆ, ಗ್ಯಾರೇಜಿಗೆ ಕಳಿಸುವ ಮುನ್ನ ಕಾನೂನಿನ ಒಂದು ಅಂಶ ಗಮನಿಸಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನ ವಿಂಟೇಜ್ ಎನಿಸಿಕೊಂಡು ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪಡೆಯಬಹುದು. ಆದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆದ್ದರಿಂದ ಮೊದಲು ಆರ್‌ಸಿ ಪುಸ್ತಕ ಹುಡುಕಿ, ಚಾಸಿ ನಂಬರ್ ತಾಳೆ ನೋಡಿ, ಗಾಡಿಯ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಪೇಂಟರನ್ನು ಆಮೇಲೆ ಕರೆದರಾಯಿತು, ಕರೆಯದಿದ್ದರೂ ಆಯಿತು.